ಗೇರ್ ರಾಡ್ ಗಿಡ್ಡ ಮಾಡೋ ಮುಂಚೆ

2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಜೊತೆ ಬಂದಾಗಿನಿಂದ ಕ್ಲಚ್ ತುಳಿಯದೇ ಓಡಿಸೋ ಕಾರು ಸಾಮಾನ್ಯ ಬಜೆಟ್ಟಿಗೂ ಎಟುಕಿದೆ. ಹಾಗಿದ್ದೂ ಇವತ್ತು ಮ್ಯಾನ್ಯುಯಲ್ ಇಟ್ಟುಕೊಂಡಿರೋರಲ್ಲಿ ಎರಡು ಥರ. ದುಡ್ಡು ಉಳಿಸಿದವರು ಒಂದು ಕಡೆ, ಗೇರ್ ಹಾಕೋದೇ ಒಂದು ಸುಖ ಅನ್ನೋರು ಇನ್ನೊಂದು ಕಡೆ. ಈ ಎರಡನೇ ಗುಂಪಿನವರು ಟೈರು, ಹಾರ್ನು, ಸ್ಪೀಕರ್ ಎಲ್ಲ ಬದಲಾಯಿಸಿ ಮುಗಿದ ಮೇಲೆ ಬಂದು ನಿಲ್ಲೋದು ಒಂದೇ ಪ್ರಶ್ನೆಗೆ: ಶಾರ್ಟ್ ಶಿಫ್ಟರ್ ಹಾಕಿಸ್ಲಾ?

ನಾನು ತಿರುಗಿ ಕೇಳೋದು, ನಿಮ್ಮ ಕಾರನ್ನ ಮನೇಲಿ ಇನ್ಯಾರು ಓಡಿಸ್ತಾರೆ?

ಯಾಕೆ ಅಂತ ಗೊತ್ತಾಗೋಕೆ ಹೈಸ್ಕೂಲಿನ ಸನ್ನೆ ಪಾಠ ಸಾಕು. ಗೇರ್ ರಾಡ್ ಅಂದ್ರೆ ಒಂದು ಸನ್ನೆ. ಮೇಲಿನ ತುದಿ ನಿಮ್ಮ ಕೈಯಲ್ಲಿ, ನಡುವೆ ಒಂದು ಗುಂಡು ಕೀಲು, ಕೆಳಗಿನ ತುದಿಯಲ್ಲಿ ಗೇರ್‌ಬಾಕ್ಸಿಗೆ ಹೋಗೋ ಕೇಬಲ್. ಉದಾಹರಣೆಗೆ ಕೀಲಿಂದ ಮೇಲೆ 30 ಸೆಂ.ಮೀ., ಕೆಳಗೆ 6 ಸೆಂ.ಮೀ. ಅಂತ ಇಟ್ಕೊಳ್ಳಿ. ಕೇಬಲ್ 3 ಸೆಂ.ಮೀ. ಸರಿಯಬೇಕಾದ್ರೆ ನಿಮ್ಮ ಕೈ 15 ಸೆಂ.ಮೀ. ಹೋಗಬೇಕು. ಶಾರ್ಟ್ ಶಿಫ್ಟರ್ ಮಾಡೋದು ಇಷ್ಟೇ, ಕೆಳಗಿನ ತೋಳನ್ನ 8 ಸೆಂ.ಮೀ. ಮಾಡುತ್ತೆ. ಈಗ ಕೈ 11 ಸೆಂ.ಮೀ. ಚಿಲ್ಲರೆ ಹೋದ್ರೆ ಸಾಕು. ದೂರ ಕಾಲು ಭಾಗ ಕಮ್ಮಿ. ಆದ್ರೆ ಬೇಕಾದ ಬಲ ಮೂರನೇ ಒಂದು ಭಾಗ ಜಾಸ್ತಿ. ಈ ಲೆಕ್ಕದಲ್ಲಿ ಡಿಸ್ಕೌಂಟ್ ಇಲ್ಲ. ಎಷ್ಟೇ ದುಬಾರಿ ಕಿಟ್ ತಂದ್ರೂ ದೂರ ಉಳಿಸಿದಷ್ಟು ಬಲದಲ್ಲಿ ಕಟ್ಟಬೇಕು.

ನಮ್ಮ ಮನೇಲಿ ಒಂದೇ ಕಾರು. ವಾರದಲ್ಲಿ ಎರಡು ದಿನ ನಾನು ಆಫೀಸಿಗೆ ಒಯ್ತೀನಿ, ಉಳಿದ ದಿನ ಅಮ್ಮನದು. ಅವರಿಗೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವಿದೆ, ನಮ್ಮ ದೇಶದಲ್ಲಿ ಗೇರ್ ಹಾಕೋದೂ ಎಡಗೈಲೇ. ಆಗುಂಬೆ ಘಾಟಿ ಹತ್ತೋವಾಗ ಎರಡು-ಮೂರು, ಮೂರು-ಎರಡು ಅಂತ ಆಡೋ ನನಗೆ ಆ ಹೆಚ್ಚುವರಿ ಬಲ ಮಜಾ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಒಂದು-ಎರಡು-ನ್ಯೂಟ್ರಲ್ ಅಂತ ನೂರು ಸಲ ಮಾಡೋರಿಗೆ ಅದು ಮಜಾ ಅಲ್ಲ.

ಹಾಗಾದ್ರೆ ಈ ಹುಚ್ಚು ಬಂದಿದ್ದೆಲ್ಲಿಂದ? ಬಹಳ ಮಂದಿಗೆ ಮಜ್ದಾ ಮಿಯಾಟಾದಿಂದ. 1989ರಲ್ಲಿ ಶಿಕಾಗೊ ಆಟೋ ಶೋನಲ್ಲಿ ಬಂದ ಪುಟ್ಟ ಎರಡು ಸೀಟಿನ ಕಾರು. ಮಣಿಕಟ್ಟು ಅಲ್ಲಾಡಿಸಿದ್ರೆ ಗೇರ್ ಬಿತ್ತು ಅನ್ನೋ ಹೆಸರು ಅದಕ್ಕೆ. ಆದ್ರೆ ಅದರಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತೆ, ಹಿಂದೆ ಗೇರ್‌ಬಾಕ್ಸ್, ಅದರ ನೆತ್ತಿ ಮೇಲೇ ಗೇರ್ ರಾಡ್. ಮಧ್ಯೆ ಕೇಬಲ್ಲೇ ಇಲ್ಲ. ನಮ್ಮ ಹ್ಯಾಚ್‌ಬ್ಯಾಕುಗಳಲ್ಲಿ ಎಂಜಿನ್ ಅಡ್ಡಕ್ಕೆ, ಗೇರ್‌ಬಾಕ್ಸ್ ಬಾನೆಟ್ ಒಳಗೆ. ಸಾಮಾನ್ಯವಾಗಿ ಎರಡು ಕೇಬಲ್ ಹೋಗುತ್ತೆ, ಒಂದು ಎಡ-ಬಲಕ್ಕೆ, ಇನ್ನೊಂದು ಹಿಂದೆ-ಮುಂದಕ್ಕೆ. ರಾಡ್ ಗಿಡ್ಡ ಮಾಡಿದ ಮಾತ್ರಕ್ಕೆ ಅದು ಮಿಯಾಟಾ ಆಗಲ್ಲ.

ಮತ್ತೆ, "ಗೇರ್ ಸಡಿಲ, ಎಲ್ಲಿ ಬಿತ್ತು ಅಂತ್ಲೇ ಗೊತ್ತಾಗಲ್ಲ" ಅಂತ ಗೊಣಗೋರಿಗೆ ಎಷ್ಟೋ ಸಲ ಬೇಕಾಗಿರೋದು ಶಾರ್ಟ್ ಶಿಫ್ಟರ್ ಅಲ್ಲ, ಬುಷ್. ಕೇಬಲ್ ತುದಿಗಳಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಬುಷ್ ಇರುತ್ತೆ. ಎಂಜಿನ್ ಬಿಸಿಗೆ, ಧೂಳಿಗೆ ವರ್ಷಗಳಲ್ಲಿ ಸವೆಯುತ್ತೆ. ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ರಾಡನ್ನ ಮೆಲ್ಲಗೆ ಅಲ್ಲಾಡಿಸಲಿ, ಇನ್ನೊಬ್ಬರು ಬಾನೆಟ್ ಎತ್ತಿ ಗೇರ್‌ಬಾಕ್ಸ್ ಮೇಲಿನ ಲಿವರ್ ನೋಡಲಿ. ಒಳಗೆ ರಾಡ್ ಅಲ್ಲಾಡಿದ್ರೂ ಹೊರಗೆ ಲಿವರ್ ಸುಮ್ಮನೆ ಕೂತಿದ್ರೆ ಬುಷ್ ಕಥೆ ಮುಗಿದಿದೆ. ಕೋಡ್ ಭಾಷೇಲಿ ಹೇಳೋದಾದ್ರೆ ಬಗ್ ಇನ್‌ಪುಟ್‌ನಲ್ಲಿಲ್ಲ, ಮಧ್ಯದ ಲೇಯರ್‌ನಲ್ಲಿದೆ. ನಮ್ಮ ಒಂಬತ್ತು ವರ್ಷದ ಕಾರಿಗೆ ಮೊದಲು ಬುಷ್ ಬದಲಾಯಿಸಿದಾಗ ಅಮ್ಮ ಕೇಳಿದ್ದು, "ಗೇರ್‌ಬಾಕ್ಸೇ ಹೊಸದು ಹಾಕಿಸ್ದ್ಯೇನೋ?"

ಅಷ್ಟಾದ್ಮೇಲೂ ಆಸೆ ಹೋಗದಿದ್ರೆ ಕಿಟ್. ನಿಮ್ಮ ಕಾರಿನ ಮಾಡೆಲ್ಲಿಗೇ ಮಾಡಿದ್ದು ತಗೊಳ್ಳಿ, "ಎಲ್ಲಾ ಕಾರಿಗೂ ಕೂರುತ್ತೆ ಸಾರ್" ಅನ್ನೋದನ್ನ ಅಂಗಡಿಯಲ್ಲೇ ಬಿಟ್ಟು ಬನ್ನಿ. ಕೇಬಲ್ ಸಿಕ್ಕಿಸೋಕೆ ಎರಡು ರಂಧ್ರ ಇರೋ ಕಿಟ್ ಸಿಕ್ಕಿದ್ರೆ ಒಳ್ಳೇದು, ದೂರ ಎಷ್ಟು ಕಮ್ಮಿ ಮಾಡಬೇಕು ಅನ್ನೋದು ನಿಮ್ಮ ಕೈಲಿರುತ್ತೆ.

ಕೆಲಸ ಅರ್ಧ ದಿನದ್ದು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ, ನ್ಯೂಟ್ರಲ್‌ಗೆ ತನ್ನಿ. ಬ್ಯಾಟರಿಯ ನೆಗೆಟಿವ್ ಬಿಚ್ಚೋದನ್ನ ಮರೀಬೇಡಿ, ಬಹಳ ಕಾರುಗಳಲ್ಲಿ ಏರ್‌ಬ್ಯಾಗ್ ಕಂಟ್ರೋಲ್ ಪೆಟ್ಟಿಗೆ ಕೂತಿರೋದು ನೀವು ಕೈ ಹಾಕೋ ಆ ಕನ್ಸೋಲ್ ಕೆಳಗೇ. ಆಮೇಲೆ ನಾಬ್, ಬೂಟ್, ಕನ್ಸೋಲ್ ಪ್ಲಾಸ್ಟಿಕ್. ಕ್ಲಿಪ್ಪುಗಳ ಜೊತೆ ತಾಳ್ಮೆ ಇರಲಿ. ಪ್ರತಿ ಹಂತಕ್ಕೂ ಫೋನಲ್ಲಿ ಒಂದು ಫೋಟೋ. ಕೇಬಲ್ ತುದಿ ಬಿಡಿಸಿ, ಹಳೇ ಲಿವರ್ ತೆಗೆದು, ಹೊಸದರ ಕೀಲಿಗೆ ಗ್ರೀಸ್ ಹಚ್ಚಿ ಕೂರಿಸಿ.

ನಿಜವಾದ ಕೆಲಸ ಇಲ್ಲಿಂದ. ನ್ಯೂಟ್ರಲ್ ಹೊಂದಾಣಿಕೆ ಕಂಪನಿ ಮ್ಯಾನ್ಯುಯಲ್ ಹೇಳಿದ ಹಾಗೇ ಮಾಡಬೇಕು. ಕನ್ಸೋಲ್ ಮುಚ್ಚೋ ಮುಂಚೆ ಎಂಜಿನ್ ಆಫ್ ಇಟ್ಟು, ಕ್ಲಚ್ ತುಳಿದು ಎಲ್ಲಾ ಗೇರ್ ಹಾಕಿ ನೋಡಿ, ರಿವರ್ಸ್ ಸೇರಿ. ಮುಚ್ಚಿದ ಮೇಲೆ ಇನ್ನೊಂದು ಸಲ. ಎರಡು, ನಾಲ್ಕಕ್ಕೆ ಎಳೆದಾಗ ರಾಡ್ ಪ್ಲಾಸ್ಟಿಕ್ಕಿಗೆ ತಗುಲಿದ್ರೆ ಗೇರ್ ಪೂರ್ತಿ ಕೂತಿರಲ್ಲ, ಓಡ್ತಾ ಓಡ್ತಾ ಜಾರುತ್ತೆ.

ಕೆಲವು ಕಿಟ್ ಎಡ-ಬಲದ ದೂರವನ್ನೂ ಕಮ್ಮಿ ಮಾಡುತ್ತೆ. ಅದು ನನಗಿಷ್ಟವಿಲ್ಲ. ಹೈವೇಲಿ ಐದರಿಂದ ನಾಲ್ಕಕ್ಕೆ ಎಳೆಯೋರ ಕೈ ಸ್ವಲ್ಪ ಹೆಚ್ಚು ಆಚೆ ಹೋದ್ರೆ ಬೀಳೋದು ಎರಡಕ್ಕೆ. ಆಗ ಕ್ಲಚ್ ಬಿಟ್ಟ ಕೂಡಲೇ ಚಕ್ರಗಳೇ ಎಂಜಿನ್ನನ್ನ ಕೆಂಪು ಗೆರೆ ದಾಟಿಸಿ ತಿರುಗಿಸ್ತವೆ. ರೆವ್ ಲಿಮಿಟರ್ ಕಾಪಾಡಲ್ಲ, ಅದು ಪೆಟ್ರೋಲ್ ನಿಲ್ಲಿಸಬಹುದು ಅಷ್ಟೇ, ಚಕ್ರ ನಿಲ್ಲಿಸಲ್ಲ. ವಾಲ್ವ್ ಬಾಗಿದ್ರೆ ಬರೋ ಬಿಲ್ ನೋಡಿದ ಮೇಲೆ ಯಾರೂ ಗೇರ್ ಬಗ್ಗೆ ಮಾತಾಡಲ್ಲ.

ಇನ್ನೊಂದು ಭ್ರಮೆ, ರಾಡ್ ಬೇಗ ಹೋದ್ರೆ ಗೇರ್ ಬೇಗ ಬೀಳುತ್ತೆ ಅನ್ನೋದು. ಒಳಗೆ ಸಿಂಕ್ರೊನೈಸರ್ ಅಂತ ಉಂಗುರ ಇದೆ, ಸಾಮಾನ್ಯವಾಗಿ ಹಿತ್ತಾಳೇದು. ಅದು ಗೇರಿಗೆ ಉಜ್ಜಿ ಎರಡರ ವೇಗ ಸಮ ಮಾಡಿದ ಮೇಲೇ ಹಲ್ಲು ಕೂಡೋದು. ಆ ಉಜ್ಜಾಟಕ್ಕೆ ಅದರದೇ ಸಮಯ ಬೇಕು. ಡಿಸೆಂಬರ್ ಬೆಳಗ್ಗೆ ಆಯಿಲ್ ದಪ್ಪಗಿರೋವಾಗ ಗುದ್ದಿ ಹಾಕಿದ್ರೆ ಸವೆಯೋದು ಅದೇ ಉಂಗುರ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಲಿವರ್ ಮೇಲೆ ಒಂದು ಕಬ್ಬಿಣದ ತೂಕ ಇಟ್ಟಿರ್ತಾರೆ, ರಾಡನ್ನ ಆ ತಡೆ ದಾಟಿಸೋಕೆ ಸಹಾಯ ಆಗಲಿ ಅಂತ. ಹಗುರ ಮಾಡ್ತೀನಿ ಅಂತ ಅದನ್ನ ಬಿಚ್ಚಿ ಎಸೆಯೋ ಮೆಕ್ಯಾನಿಕ್ ಇದ್ರೆ ಕಾರು ವಾಪಸ್ ತಗೊಂಡು ಬನ್ನಿ.

ವಾರಂಟಿ ಇನ್ನೂ ಉಳಿದಿದ್ರೆ ಕಾಯಿರಿ. ಇನ್ಶೂರೆನ್ಸ್‌ನವರಿಗೆ ಒಂದು ಇಮೇಲ್ ಹಾಕಿಬಿಡಿ, ಖರ್ಚೇನಿಲ್ಲ.

ನಮ್ಮ ಕಾರಿಗೆ ಎರಡು ರಂಧ್ರದ ಕಿಟ್ ಬಂತು, ಕೇಬಲ್ ಮೆದುವಾದ ರಂಧ್ರದಲ್ಲೇ ಇದೆ. ಅಮ್ಮ ಕಾಲೋನಿ ಎರಡು ಸುತ್ತು ಹಾಕಿ ಬಂದು, "ಚೂರು ಬಿಗಿ ಆಗಿದೆ, ಪರವಾಗಿಲ್ಲ, ರಿವರ್ಸಿಗೆ ಮಾತ್ರ ಎರಡು ಕೈ ಬೇಕು" ಅಂದ್ರು. ಎರಡು ತಿಂಗಳು ನೋಡೋಣ ಅಂತ ಒಪ್ಪಂದ ಆಗಿದೆ. ಹಳೇ ಲಿವರನ್ನ ಸರ್ಕ್ಲಿಪ್, ಸ್ಕ್ರೂ ಸಮೇತ ಒಂದು ಬಟ್ಟೆ ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದೀನಿ.