ಪದ ಹುಡುಕಲು ಹೋದ ಮಕ್ಕಳು ಪ್ರಶ್ನೆ ಹೊತ್ತು ಬಂದರು!

ಕನ್ನಡದ ತರುಣ ಗೆಳೆಯರೇ,

ಅಂಗಡಿಯ ನಾಮಫಲಕದಲ್ಲಿ ಕನ್ನಡವಿಲ್ಲವೆಂದರೆ ನಿಮ್ಮ ರಕ್ತ ಕುದಿಯುತ್ತದೆ. ಕುದಿಯಲಿ, ಕುದಿಯಲೇಬೇಕು. ಆದರೆ ಏಳನೇ ತರಗತಿಯ ಹುಡುಗಿಯ ವಿಜ್ಞಾನ ಪುಸ್ತಕದಲ್ಲಿ ಕನ್ನಡವಿದ್ದೂ ಅದು ಅವಳಿಗೆ ಅರ್ಥವಾಗದಿದ್ದರೆ? ಆಗ ಯಾವ ಫಲಕಕ್ಕೆ ಮಸಿ ಬಳಿಯುತ್ತೀರಿ?

ನಾನು ಪ್ರೆಸ್ ನಡೆಸುವವನು. ಓದಿದ್ದು ಪಿಯುಸಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಒಳ್ಳೆಯ ಅಂಕ ತೆಗೆದು, ಪಟ್ಟಣದ ಕಾಲೇಜಿನಲ್ಲಿ ಸೈನ್ಸ್ ತೆಗೆದುಕೊಂಡೆ. ಮೊದಲ ವಾರವೇ ಮೇಷ್ಟ್ರು 'ಹೈಪಾಥಿಸಿಸ್' ಎಂದರು. ಪಕ್ಕದವನಿಗೂ ಗೊತ್ತಿಲ್ಲ, ಎದ್ದು ಕೇಳಲು ನಾಚಿಕೆ. ಮನೆಗೆ ಬಂದು ನಿಘಂಟು ತೆರೆದರೆ 'ಪ್ರಾಕ್ಕಲ್ಪನೆ' ಎಂದಿತ್ತು. ಅಯ್ಯೋ! ಹೈಸ್ಕೂಲಿನಲ್ಲಿ ಇದೇ ಪದವನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಅರ್ಥ ಆಗಲೂ ಗೊತ್ತಿರಲಿಲ್ಲ. ಆ ವರ್ಷ ಭೌತಶಾಸ್ತ್ರದಲ್ಲಿ ನಪಾಸಾದೆ. ತಪ್ಪೆಲ್ಲ ಇಂಗ್ಲಿಷಿನದು ಎಂದು ವರ್ಷಗಟ್ಟಲೆ ಬೈದೆ. ಅರ್ಧ ತಪ್ಪು ಅದರದ್ದೇ. ಉಳಿದರ್ಧ? ಕನ್ನಡದ ಪದವನ್ನು ನನ್ನ ಬಾಯಿಗೆ ತುರುಕಿದ್ದರು, ಕೈಗೆ ಕೊಟ್ಟಿರಲಿಲ್ಲ.

ಕನ್ನಡಕ್ಕೆ ವಿಜ್ಞಾನ ಹೇಳುವ ತಾಕತ್ತಿಲ್ಲ ಎನ್ನುವ ಮಹನೀಯರಿಗೆ ಉತ್ತರ ಹಳೆಯದು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ 'ವಿಜ್ಞಾನ' ಮಾಸಪತ್ರಿಕೆ ಹೊರಡಿಸಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ 4 ಸಂಪುಟ ಬರೆದರು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಬಗ್ಗೆ ಬರೆದ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪದಗಳಿಗೆ ಬರವಿಲ್ಲ. ಅವು ಮಕ್ಕಳ ಕೈ ಸೇರಿಲ್ಲ, ಅಷ್ಟೇ.

ಕೈ ಸೇರಿಸುವುದು ಹೇಗೆ? ಒಂದು ಹುಡುಕಾಟದ ಆಟದಿಂದ. ನಮ್ಮ ರೋಣ ತಾಲೂಕಿನ ಬೆಳವಣಕಿಯಲ್ಲಿ ಏಳನೇ ತರಗತಿಯ ಮಕ್ಕಳೊಂದಿಗೆ ಆಡಿದ್ದನ್ನು ಹೇಳುತ್ತೇನೆ, ಕೇಳಿ.

ಏಳು ಚೀಟಿ: ವೀಕ್ಷಣೆ, ಪ್ರಶ್ನೆ, ಪ್ರಾಕ್ಕಲ್ಪನೆ, ಪ್ರಯೋಗ, ಚರಾಂಶ, ದತ್ತಾಂಶ, ತೀರ್ಮಾನ. ಮುಂದೆ ಕನ್ನಡ ಪದ, ಹಿಂದೆ ಅದರ ಇಂಗ್ಲಿಷ್ ಜೋಡಿ, ಕೆಳಗೆ ಮಾಡಬೇಕಾದ ಕೆಲಸ. ಬೋರ್ಡಿನ ಹಿಂದೆ, ಕಿಟಕಿಯ ಸಂದಿಯಲ್ಲಿ, ಬೆಂಚಿನ ಕೆಳಗೆ ಬಚ್ಚಿಟ್ಟೆವು. ಒಂದು ಚೀಟಿಯ ಕೆಲಸ ಮುಗಿಸಿದರೆ ಮುಂದಿನದರ ಸುಳಿವು.

'ವೀಕ್ಷಣೆ' ಕಿಟಕಿಯಲ್ಲಿ ಸಿಕ್ಕಿತು. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಒಬ್ಬ ಬರೆದ: "ಎರಿ ಹೊಲ ಬಿರುಕು ಬಿಟ್ಟೈತಿ." ಇನ್ನೊಬ್ಬ ಬರೆದ: "ಮಳಿ ಆಗಿಲ್ಲ." ಜಗಳ ಶುರು! ಬಿರುಕು ಕಾಣುತ್ತದೆ, ಆಗದ ಮಳೆ ಕಾಣುತ್ತದೆಯೇ? ಎರಡನೆಯದು ಕಂಡದ್ದರಿಂದ ಕಟ್ಟಿದ ಮಾತು, ಅನುಮಾನ. ಬೀದಿಯಲ್ಲಿ ಅನುಮಾನವೆಂದರೆ ಸಂಶಯ. ತರ್ಕಶಾಸ್ತ್ರದಲ್ಲಿ ಹೊಗೆ ಕಂಡು ಬೆಂಕಿ ಇದೆ ಎಂದು ತಿಳಿಯುವುದೇ ಅನುಮಾನ. ಒಂದು ಪದದ ಎರಡು ಮುಖ ಆ ಜಗಳದಲ್ಲೇ ತಿಳಿದುಹೋಯಿತು.

'ಪ್ರಾಕ್' ಎಂದರೆ ಮೊದಲು. ಮೊದಲೇ ಊಹಿಸಿ, ಆಮೇಲೆ ಪರೀಕ್ಷೆಗೆ ಒಡ್ಡುವ ಮಾತೇ ಪ್ರಾಕ್ಕಲ್ಪನೆ. ಒಬ್ಬಳು ಹೇಳಿದಳು: "ಮಸಾರಿ ಮಣ್ಣಿಗಿಂತ ಎರಿ ಮಣ್ಣು ನೀರು ಹಿಡಿತೈತ್ರಿ." ತಳಕ್ಕೆ ತೂತು ಹೊಡೆದ ಎರಡು ಡಬ್ಬಿ, ಒಂದೇ ಅಳತೆಯ ಮಣ್ಣು, ಒಂದೇ ಅಳತೆಯ ನೀರು. ಸುರಿದರೆ, ಎರಿ ಮಣ್ಣಿನ ಡಬ್ಬಿಯಿಂದಲೇ ನೀರು ಮೊದಲು ಸೋರಿತು! ತರಗತಿಯೆಲ್ಲ ನಕ್ಕಿತು. ಅವಳು ಅಳಲಿಲ್ಲ. ಡಬ್ಬಿಯೊಳಗೆ ಇಣುಕಿ ನೋಡಿ, "ಹೆಂಟಿ ಸಂದ್ಯಾಗ ಹಾದು ಹೋತ್ರಿ ಸರ, ಎರಡೂ ಮಣ್ಣ ಒಂದ ಸಮ ಪುಡಿ ಮಾಡಿಲ್ಲ" ಅಂದಳು. ಹೆಂಟೆ ಒಡೆದು, ಎರಡನ್ನೂ ಪುಡಿ ಮಾಡಿ ಮತ್ತೆ ಸುರಿದರು. ಈಗ ಮಸಾರಿಯಿಂದ ನೀರು ಬೇಗ ಇಳಿಯಿತು, ಎರಿ ಹಿಡಿದುಕೊಂಡಿತು. ಒಂದೇ ಒಂದು ಸಂಗತಿ ಬದಲಾಗಬೇಕು, ಉಳಿದದ್ದೆಲ್ಲ ಸಮವಿರಬೇಕು. ಆ ಬದಲಾಗುವುದೇ ಚರಾಂಶ. ಇದನ್ನು ಯಾವ ಗೈಡು ಇಷ್ಟು ಚೆನ್ನಾಗಿ ಹೇಳೀತು?

ಅಂದು ಮೊದಲ ಸಲ ಸೋತದ್ದು ಪ್ರಯೋಗ, ಹುಡುಗಿಯಲ್ಲ. ಈ ವ್ಯತ್ಯಾಸ ನನಗೆ ಹದಿನೇಳನೇ ವಯಸ್ಸಿನಲ್ಲಿ ಯಾರಾದರೂ ಹೇಳಿದ್ದರೆ!

ಗೆಳೆಯರೇ, 1994ರಲ್ಲಿ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಭಾಷಾ ಮಾಧ್ಯಮದ ಆದೇಶ ಹೊರಡಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ಅದು ಕೋರ್ಟಿನ ಮಾತು. ಆದರೆ ಏಳು ಚೀಟಿಯ ಆಟಕ್ಕೆ ಯಾವ ಕೋರ್ಟಿನ ಅಪ್ಪಣೆ ಬೇಕು? 1993ರಿಂದ ನಡೆದು ಬಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮೂರಿನ ಸಮಸ್ಯೆಯನ್ನು ತಾವೇ ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಎರಿ ಮಣ್ಣಿನ ಡಬ್ಬಿ ಅಲ್ಲಿಗೂ ಹೋಗಲಿ, ಕನ್ನಡದಲ್ಲೇ ಮಾತಾಡಲಿ. ಇಂಗ್ಲಿಷ್ ಪದ ಚೀಟಿಯ ಬೆನ್ನಿಗಿದೆ. ಅರ್ಥ ಕನ್ನಡದಲ್ಲಿ ಗಟ್ಟಿಯಾದ ಮಗು ನಾಳೆ ಪಿಯುಸಿಯಲ್ಲಿ ಆ ಪದಕ್ಕೆ ಹೆದರುವುದಿಲ್ಲ.

ನವೆಂಬರ್ ತಿಂಗಳ ಬಾವುಟದ ಕೆಲಸ ಮುಗಿಸಿ ಹಬ್ಬಕ್ಕೆ ಊರಿಗೆ ಹೋಗುತ್ತೀರಲ್ಲ, ಒಂದು ತಾಸು ನೀವು ಓದಿದ ಶಾಲೆಗೆ ಕೊಡಿ. ಮೇಷ್ಟ್ರನ್ನು ಕೇಳಿ, ಚೀಟಿ ಬಚ್ಚಿಡಿ, ಹುಡುಕಿಸಿ. ಖರ್ಚೆಂದು ಹಿಂಜರಿಯಬೇಡಿ. ಕಟಿಂಗ್ ಮಷಿನ್ ಕೆಳಗೆ ದಿನವೂ ಕಾರ್ಡಿನ ಚೂರು ರಾಶಿ ಬೀಳುತ್ತದೆ. ಚೀಟಿ ಅಚ್ಚು ಹಾಕಿಕೊಡುವುದು ನನ್ನ ಕೆಲಸ. ಶಾಲೆಯ ಮೆಟ್ಟಿಲು ಹತ್ತುವುದು ನಿಮ್ಮದು.