ಅಪ್ಪ ಅಮ್ಮನ ಮನೆಗೆ ಕನ್ನಡಿ ನೆಲವೇಕೆ?

ಡಿಸೆಂಬರ್ ರಜೆಯಲ್ಲಿ ಊರಿಗೆ ಹೋಗಿ ಆಸ್ಟ್ರೇಲಿಯಕ್ಕೆ ಮರಳಿದ ಮೇಲೆ ನಮ್ಮ ಬಳಗದ ಕೂಟಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಈ ಸಲ ಊರಿನ ಮನೆಯನ್ನು ಪೂರ್ತಿ ಹೊಸದು ಮಾಡಿಸಿದೆವು.” ಕೂಡಲೇ ಮೊಬೈಲು ಕೈಯಿಂದ ಕೈಗೆ ಸಾಗುತ್ತದೆ. ಮುಖ ಕಾಣುವಷ್ಟು ಹೊಳೆಯುವ ವಿಟ್ರಿಫೈಡ್ ಟೈಲ್ಸ್, ಫಾಲ್ಸ್ ಸೀಲಿಂಗ್, ಮರದ ಗೆರೆಗಳ ಅಚ್ಚು ಹೊತ್ತ ಪಿವಿಸಿ ಹಲಗೆ, ಕಲ್ಲಿನಂತೆ ತೋರುವ ವಾಲ್‌ಪೇಪರ್. ಕಿತ್ತು ಹಾಕಿದ್ದೇನು ಎಂದು ಯಾರೂ ಕೇಳುವುದಿಲ್ಲ. ರೆಡ್ ಆಕ್ಸೈಡ್ ನೆಲ, ಶಹಾಬಾದ್ ಹಾಸುಗಲ್ಲು, ಹಲಸಿನ ಮರದ ಬಾಗಿಲು, ಬಚ್ಚಲಿನ ಒರಟು ಚಪ್ಪಡಿ. ನಿಜವಾದ ಮರವನ್ನೂ ಕಲ್ಲನ್ನೂ ಹೊರಗೆಸೆದು ಅವುಗಳ ಚಿತ್ರವನ್ನು ಗೋಡೆಗೆ ಅಂಟಿಸಿಕೊಳ್ಳುವ ಈ ವ್ಯವಹಾರಕ್ಕೆ ‘ನ್ಯಾಚುರಲ್ ಟೆಕ್ಸ್ಚರ್’ ಎಂಬ ಹೆಸರು ಬೇರೆ!

ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆದರೆ ಆ ಮನೆಯಲ್ಲಿ ವರ್ಷದ ಹನ್ನೊಂದು ತಿಂಗಳು ಬಾಳುವವರು ನಾವಲ್ಲ. ಎಪ್ಪತ್ತು ದಾಟಿದ ನಮ್ಮ ತಂದೆತಾಯಿಗಳು. ಅವರು ಬರಿಗಾಲಲ್ಲಿ ನಡೆಯುತ್ತಾರೆ. ನೆಲವನ್ನು ದಿನವೂ ನೀರು ಹಾಕಿ ಒರೆಸುತ್ತಾರೆ. ಸ್ನಾನ ಮುಗಿಸಿ ಒದ್ದೆಗಾಲಲ್ಲೇ ದೇವರಮನೆಗೆ ಬರುತ್ತಾರೆ. ಹೊಳೆಯುವ ನೆಲದ ಮೇಲೆ ಚೆಲ್ಲಿದ ನೀರು ನಮ್ಮ ಕಣ್ಣಿಗೇ ಕಾಣುವುದಿಲ್ಲ. ಪೊರೆ ಕವಿದ ಕಣ್ಣಿಗೆ ಕಂಡೀತೆ? ಕೊನೆಗೆ ನಡುರಾತ್ರಿಯಲ್ಲಿ ನೆರೆಮನೆಯವರ ಕರೆ ಬರುತ್ತದೆ: “ಅಮ್ಮ ಜಾರಿ ಬಿದ್ದಿದ್ದಾರೆ.”

ವೈದ್ಯವೃತ್ತಿಯಲ್ಲಿರುವ ನಮಗೆ ಮುಂದಿನದು ಗೊತ್ತು. ಮೂಳೆ ಸವೆದ ಪ್ರಾಯದಲ್ಲಿ ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿದರೆ ಶಸ್ತ್ರಚಿಕಿತ್ಸೆ. ಅದರ ಹಿಂದೆಯೇ ಹಾಸಿಗೆಹುಣ್ಣು, ಎದೆಯ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ. ಬದುಕುಳಿದವರಲ್ಲೂ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ಮಗನ ಏಳಿಗೆಯನ್ನು ನೆಂಟರಿಗೆ ತೋರಿಸಲೆಂದು ಹಾಸಿದ ನೆಲಕ್ಕೆ ತಾಯಿ ತೆರುವ ಬೆಲೆಯಿದು.

ನಮ್ಮ ಹಿರಿಯರಿಗೆ ನುಣುಪೆಲ್ಲಿ ಬೇಕು, ಒರಟೆಲ್ಲಿ ಬೇಕು ಎಂಬುದು ತಿಳಿದಿತ್ತು. ನಡುಮನೆಗೆ ಕರಣೆಯಿಂದ ತಿಕ್ಕಿ ನಯವಾಗಿಸಿದ ನೆಲ; ನೀರು ಬೀಳುವಲ್ಲಿ ಉಳಿಯ ಗುರುತು ಉಳಿದ ಕಲ್ಲು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕರಾವಳಿಯ ಮಾಡುಗಳನ್ನು ಹೊದಿಸಿದ ಹೆಂಚು, ತನ್ನ ಸಂದುಗಳಿಂದ ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತಿತ್ತು. ಈಗ ಅದರ ಕೆಳಗೆ ಫಾಲ್ಸ್ ಸೀಲಿಂಗ್ ಕಟ್ಟಿ, ಸೆಕೆಯೆಂದು ಎ.ಸಿ. ಹಾಕಿಸುತ್ತೇವೆ.

ಆ ಮುಚ್ಚಿದ ಕೋಣೆಯಲ್ಲಿ ಉಸಿರಾಡುವುದು ಏನನ್ನು? ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗಳನ್ನು ಬೆಸೆಯುವ ಅಂಟುಗಳಲ್ಲಿ ಹಲವು ಫಾರ್ಮಾಲ್ಡಿಹೈಡ್ ಅನಿಲವನ್ನು ಬಹುಕಾಲ ಹೊರಸೂಸುತ್ತವೆ. ಹೊಸ ಬೀರು ತೆರೆದೊಡನೆ ಕಣ್ಣು ಉರಿಯುವುದಕ್ಕೆ ಅದೂ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲೇ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ಇನ್ನು ಅಡುಗೆಕಟ್ಟೆ. ನಾವಿರುವ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಎಂಜಿನಿಯರ್ಡ್ ಸ್ಟೋನ್ ಫಲಕಗಳ ತಯಾರಿಕೆ, ಪೂರೈಕೆ, ಅಳವಡಿಕೆಗಳನ್ನು ನಿಷೇಧಿಸಿತು. ಹೀಗೆ ಮಾಡಿದ ಮೊದಲ ದೇಶವಿದು. ಅದನ್ನು ಕತ್ತರಿಸುವಾಗ ಏಳುವ ಸಿಲಿಕಾ ದೂಳಿನಿಂದ ಯುವ ಕೆಲಸಗಾರರ ಶ್ವಾಸಕೋಶ ನಾರುಗಟ್ಟತೊಡಗಿತ್ತು. ಸಿಲಿಕೋಸಿಸ್‌ಗೆ ಗುಣಪಡಿಸುವ ಮದ್ದಿಲ್ಲ. ಇಲ್ಲಿ ನಿಷಿದ್ಧವಾದ ಅದೇ ‘ಕ್ವಾರ್ಟ್ಜ್’ ಕಟ್ಟೆಯನ್ನು ಊರಿನ ಅಡುಗೆಮನೆಗೆ ಹೆಮ್ಮೆಯಿಂದ ಆರಿಸುವ ನಾವು, ಮೂಗಿಗೆ ಟವಲು ಸುತ್ತಿ ಅಂಗಳದಲ್ಲಿ ಅದನ್ನು ಕೊಯ್ಯುವ ಹುಡುಗನ ಎದೆಯನ್ನು ಎಣಿಕೆಗೆ ತರುವುದೇ ಇಲ್ಲ.

ಹಾಗೆಂದು ‘ನೈಸರ್ಗಿಕ’ ಎಂಬುದೇನೂ ಮಂತ್ರವಲ್ಲ. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ. ಅದನ್ನೂ ನೀರು ಹಾಯಿಸಿಯೇ ಕೊಯ್ಯಬೇಕು. ಪಾಲಿಶ್ ಮಾಡಿದ ಗ್ರಾನೈಟೂ ಒದ್ದೆಯಾದರೆ ಜಾರುತ್ತದೆ. ಸೆಗಣಿ ಸಾರಿಸುವ ನೆಲಕ್ಕೆ ಮರಳೋಣವೆಂದು ನಾವು ಹೇಳುತ್ತಿಲ್ಲ. ಅದನ್ನು ಸಾರಿಸಿ ಬೆನ್ನು ಬಾಗಿದವರು ನಮ್ಮ ಅಜ್ಜಿಯರೇ. ಸುಲಭವಾಗಿ ಶುಚಿಯಾಗುವ ನೆಲ ಬೇಕೆಂಬ ಆಸೆ ನ್ಯಾಯವಾದದ್ದು. ನಮ್ಮ ಆಕ್ಷೇಪವಿರುವುದು, ಕಣ್ಣನ್ನು ಮಾತ್ರ ಕೇಳಿ ಪಾದವನ್ನೂ ಉಸಿರನ್ನೂ ಕೇಳದ ಆಯ್ಕೆಯ ಬಗ್ಗೆ.

ಬೇರೆ ದಾರಿಗಳಿವೆ. ಗಟ್ಟಿಯಾಗಿರುವ ಹಳೆಯ ನೆಲವನ್ನು ಕೀಳದೆ ದುರಸ್ತಿ ಮಾಡಿಸಬಹುದು. ಟೈಲ್ಸೇ ಬೇಕೆಂದರೆ ಬಚ್ಚಲಿಗೆ ಹೊಳಪಿಲ್ಲದ, ‘ಆರ್ 11’ ದರ್ಜೆಯ ಜಾರದ ಟೈಲ್ಸ್ ಕೇಳಿ ಪಡೆಯಬಹುದು. ಮರದ ಹಲಗೆಗೆ ‘ಇ 0’ ದರ್ಜೆಯನ್ನು ಒತ್ತಾಯಿಸಬಹುದು. ಹೊಸ ಗೋಡೆ ಕಟ್ಟುವುದಿದ್ದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಅಭಿವೃದ್ಧಿಪಡಿಸಿದ ಒತ್ತಿದ ಮಣ್ಣಿನ ಇಟ್ಟಿಗೆ ಇದೆ. ಅದಕ್ಕೆ ಗಿಲಾವೂ ಬೇಡ, ಅಂಟಿಸಿದ ಚಿತ್ರವೂ ಬೇಡ. ನೆಲಕ್ಕೆ ನವಲಗುಂದದ ಜಮಖಾನ ಹಾಸುವುದಾದರೆ ಅಡಿಯಲ್ಲಿ ಜಾರದ ಪಟ್ಟಿಯಿರಲಿ.

ಬಂಧುಗಳೇ, ಗುತ್ತಿಗೆದಾರರಿಗೆ ಮುಂಗಡ ಕಳುಹಿಸುವ ಮುನ್ನ ಈ ಭಾನುವಾರದ ವಿಡಿಯೊ ಕರೆಯಲ್ಲಿ ಒಂದೇ ಪ್ರಶ್ನೆ ಕೇಳಿ: “ಅಮ್ಮಾ, ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದುಕೊಂಡು ಬರ್ತೀಯಾ?” ಹೌದು ಎಂದರೆ ಮೊದಲು ಆ ಗೋಡೆಗೊಂದು ಹಿಡಿಕೆ ಹಾಕಿಸೋಣ. ಹೊಳಪಿನ ಮಾತು ಆಮೇಲೆ.