ಅದುಮಿದರೂ ಮಣಿಯದ ಕವಾಟ

1831ರ ಜೂನ್ ತಿಂಗಳಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ‘ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್‌ಸ್ಟನ್’ ಎಂಬ ರೈಲು ಎಂಜಿನ್ನಿನ ಬಾಯ್ಲರ್ ಸಿಡಿಯಿತು. ಸುರಕ್ಷಾ ಕವಾಟದಿಂದ ಉಗಿ ಬುಸುಗುಡುವ ಸದ್ದು ಬೆಂಕಿ ನೋಡಿಕೊಳ್ಳುತ್ತಿದ್ದ ಕೆಲಸಗಾರನಿಗೆ ಕಿರಿಕಿರಿ ತಂದಿತ್ತಂತೆ. ಆತ ಕವಾಟದ ಸನ್ನೆಯನ್ನು ಅದುಮಿ ಹಿಡಿದ. ಸದ್ದು ನಿಂತಿತು, ಒಳಗೆ ಒತ್ತಡ ಏರಿತು, ಆತ ಬದುಕಲಿಲ್ಲ. ಆ ಮೇಲೆ ಆ ಮಾರ್ಗದಲ್ಲಿ ಎಂಜಿನ್ನಿಗೂ ಪ್ರಯಾಣಿಕರ ಡಬ್ಬಿಗೂ ನಡುವೆ ಹತ್ತಿಯ ಮೂಟೆ ಹೇರಿದ ಬಂಡಿಯೊಂದನ್ನು ಸೇರಿಸಿ ಓಡಿಸತೊಡಗಿದರು. ಸಿಡಿದರೆ ಹತ್ತಿ ತಡೆಯಲಿ ಎಂದು!

ಗಮನಿಸಿ, ಅಲ್ಲಿ ಕವಾಟ ಕೆಟ್ಟಿರಲಿಲ್ಲ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಅದರ ರಚನೆಯಲ್ಲಿ ಉಗಿಯ ಲೆಕ್ಕವಿತ್ತು, ಪಕ್ಕದಲ್ಲಿ ನಿಂತ ಮನುಷ್ಯನ ಲೆಕ್ಕ ಇರಲಿಲ್ಲ. ಕವಾಟಗಳ ಚರಿತ್ರೆ ಓದಿದಷ್ಟೂ ನನಗೆ ಗಟ್ಟಿಯಾಗುತ್ತಿರುವ ಅಭಿಪ್ರಾಯ ಇದು: ಇಲ್ಲಿ ಹರಿಯುವ ಉಗಿಯೋ ನೀರೋ ಸುಲಭದ ಭಾಗ. ಅದು ಎಂದೂ ಒಂದೇ ನಿಯಮಕ್ಕೆ ಬದ್ಧ. ಅದನ್ನು ಕಾಯುವವನ ಸ್ವಭಾವ ಹಾಗಲ್ಲ, ಆ ಸ್ವಭಾವವನ್ನು ಅರಿತು ಕವಾಟ ಕಟ್ಟಿದವರೇ ದೊಡ್ಡ ಸಂಶೋಧಕರು.

ಸುರಕ್ಷಾ ಕವಾಟದ ಮೂಲ ಫ್ರಾನ್ಸಿನ ಡೆನಿಸ್ ಪಪಾನ್‌ನದು. 1679ರಲ್ಲಿ ಆತ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿಮುಚ್ಚಳದ ಪಾತ್ರೆಯೊಂದನ್ನು ತೋರಿಸಿದ. ಪಾತ್ರೆ ಸಿಡಿಯದಿರಲೆಂದು ಮುಚ್ಚಳದ ತೂತಿಗೆ ಒಂದು ಬಿರಡೆ, ಬಿರಡೆಯ ಮೇಲೆ ಸನ್ನೆ, ಸನ್ನೆಯ ತುದಿಗೆ ತೂಕದ ಗುಂಡು. ಅದೇ ಪಾತ್ರೆ ಇಂದು ಕುಕ್ಕರ್ ಆಗಿ ನಮ್ಮ ಒಲೆಯ ಮೇಲೆ ಕೂತಿದೆ. ಅದರ ವೆಯ್ಟನ್ನು ಕೈಗೆತ್ತಿಕೊಂಡು ಕೆಳಗಿನಿಂದ ನೋಡಿ. ಉಗಿ ಬಡಿಯುವ ಜಾಗ ಎಷ್ಟು ಕಿರಿದು! ತೂತು ಅಷ್ಟು ಚಿಕ್ಕದಾದ್ದರಿಂದಲೇ ಅಂಗೈಯಲ್ಲಿ ಅಡಗುವ ಲೋಹದ ತುಂಡು ಇಡೀ ಪಾತ್ರೆಯ ಒತ್ತಡವನ್ನು ಆಳುತ್ತದೆ. ಒತ್ತಡವನ್ನು ಹಿಡಿದರೆ ಉಷ್ಣತೆಯೂ ಕೈಗೆ ಸಿಕ್ಕಿತು. ಒಳಗಿನ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ, ತೊಗರಿಬೇಳೆ ಬೇಗ ಬೇಯುತ್ತದೆ. ಬೇಳೆಯ ಸಿಪ್ಪೆ ಸಿಕ್ಕಿಕೊಂಡು ಆ ತೂತು ಕಟ್ಟಿಕೊಂಡರೆ? ಅದಕ್ಕೆಂದೇ ಮುಚ್ಚಳದಲ್ಲಿ ಬೇಗ ಕರಗುವ ಮಿಶ್ರಲೋಹದ ಸೇಫ್ಟಿ ಪ್ಲಗ್ ಇದೆ. ಮಿತಿ ಮೀರಿ ಕಾದರೆ ಅದು ಕರಗಿ ಉಗಿಗೆ ದಾರಿ ಬಿಡುತ್ತದೆ. ಕರಗಿದ ಪ್ಲಗ್ಗಿನ ಜಾಗಕ್ಕೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಅಗ್ಗದ ಪ್ಲಗ್ ತಿರುಗಿಸಿ ಕೂರಿಸುವ ಮನೆಗಳು ಎಷ್ಟೋ ಇವೆ. ದಯವಿಟ್ಟು ಹಾಗೆ ಮಾಡಬೇಡಿ.

ರೈಲಿನ ಕಾಲಕ್ಕೆ ತೂಕದ ಗುಂಡಿನ ಬದಲು ಸ್ಪ್ರಿಂಗ್ ಬಂತು. ಓಡುವ ಎಂಜಿನ್ನಿನಲ್ಲಿ ಗುಂಡು ಕುಣಿದಾಡುತ್ತಿತ್ತು, ಹಾಗಾಗಿ ಬದಲಾವಣೆ ಬೇಕೇ ಬೇಕಿತ್ತು. ಆದರೆ ಸ್ಪ್ರಿಂಗ್ ಬಿಗಿ ಮಾಡುವ ತಿರುಪು ಚಾಲಕನ ಕೈಗೆಟುಕುವಲ್ಲೇ ಇತ್ತು. ಏರು ಹತ್ತಬೇಕೆಂದರೆ, ತಡವಾಗಿದೆಯೆಂದರೆ, ಆತ ಎರಡು ಸುತ್ತು ಬಿಗಿ ಮಾಡುತ್ತಿದ್ದ. ಬಾಯ್ಲರ್‌ಗಳು ಸಿಡಿಯುತ್ತಲೇ ಇದ್ದವು.

ಇದಕ್ಕೆ ಉತ್ತರ ಕೊಟ್ಟವನು ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್. 1850ರ ದಶಕದಲ್ಲಿ ಆತ ರೂಪಿಸಿದ ಕವಾಟ ನೋಡಲು ಬಲು ಸರಳ. ಬಾಯ್ಲರ್ ಮೇಲೆ ಅಕ್ಕಪಕ್ಕ ಎರಡು ಗಿಡ್ಡ ಕಂಬ, ಪ್ರತಿ ಕಂಬದ ತುದಿಯಲ್ಲೂ ಒಂದೊಂದು ಕವಾಟ. ಎರಡರ ಮೇಲೂ ಅಡ್ಡಲಾಗಿ ಒಂದೇ ಸನ್ನೆ. ಅದರ ನಡುಮಧ್ಯಕ್ಕೆ ಕಟ್ಟಿದ ಒಂದೇ ಸ್ಪ್ರಿಂಗ್ ಅದನ್ನು ಕೆಳಕ್ಕೆಳೆದು ಎರಡೂ ಕವಾಟಗಳನ್ನು ಮುಚ್ಚಿ ಹಿಡಿಯುತ್ತದೆ. ಸನ್ನೆಯ ಒಂದು ತುದಿ ಚಾಲಕನ ಕಡೆಗೆ ಚಾಚಿಕೊಂಡಿದೆ. ಬೇಕಾದರೆ ಆತ ಅದನ್ನು ಅದುಮಲಿ: ಹತ್ತಿರದ ಕವಾಟ ಬಿಗಿಯಾಗುತ್ತದೆ, ಆದರೆ ಸನ್ನೆಯ ಆಚೆ ಬದಿ ಹಗುರಾಗಿ ದೂರದ ಕವಾಟ ತೆರೆದುಕೊಳ್ಳುತ್ತದೆ. ಮೇಲೆತ್ತಿದರೆ ಹತ್ತಿರದ್ದೇ ತೆರೆಯುತ್ತದೆ. ಹೇಗೆ ಕೈಹಾಕಿದರೂ ಉಗಿ ಹೊರಗೆ! ಬೀಗವಿಲ್ಲ, ಕಾವಲಿಲ್ಲ, ದಂಡವಿಲ್ಲ. ಕವಾಟ ಅಂಟಿಕೊಂಡಿಲ್ಲವೆಂದು ಪರೀಕ್ಷಿಸಲು ಚಾಲಕನಿಗೆ ಅದೇ ತುದಿ ನೆರವಾಗುತ್ತದೆ. ಒಳ್ಳೆಯ ಕೆಲಸಕ್ಕೆ ಕೈಗೆ ಸಿಗುತ್ತದೆ, ಕೆಟ್ಟ ಕೆಲಸಕ್ಕೆ ಒಗ್ಗುವುದಿಲ್ಲ. ಯಂತ್ರಶಾಸ್ತ್ರದಲ್ಲಿ ಇಷ್ಟು ಸುಂದರವಾದ ಯೋಚನೆ ಅಪರೂಪ.

ಹಾಗಾದರೆ ಮನುಷ್ಯನನ್ನು ಪೂರ್ತಿ ದೂರವಿಟ್ಟರೆ ಸಾಕೇ? ಇಪ್ಪತ್ತನೇ ಶತಮಾನ ಹಾಗೆ ನಂಬಿತು. 1979ರ ಮಾರ್ಚ್ 28ರ ಬೆಳಗಿನ ಜಾವ ನಾಲ್ಕಕ್ಕೆ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಪಂಪುಗಳು ನಿಂತು ಒತ್ತಡ ಏರಿತು. ಒತ್ತಡ ಇಳಿಸುವ ಪರಿಹಾರ ಕವಾಟ ಹೇಳಿದಂತೆ ತೆರೆದುಕೊಂಡಿತು. ಒತ್ತಡ ಇಳಿದಾಗ ಮುಚ್ಚಬೇಕಿತ್ತು, ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಆ ಕವಾಟಕ್ಕೊಂದು ದೀಪವಿತ್ತು, ಅದು ಆರಿತು. ಮುಚ್ಚಿದೆ ಎಂದೇ ಎಲ್ಲರೂ ತಿಳಿದರು. ಆದರೆ ಆ ದೀಪ ಕವಾಟದ ಸ್ಥಿತಿಯನ್ನು ತೋರಿಸುತ್ತಿರಲಿಲ್ಲ. ಮುಚ್ಚಿಕೋ ಎಂಬ ವಿದ್ಯುತ್ ಆಜ್ಞೆ ಹೋಯಿತೆಂಬುದನ್ನಷ್ಟೇ ತೋರಿಸುತ್ತಿತ್ತು. ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರನ್ನು ತಂಪಾಗಿಡಬೇಕಾದ ನೀರು ಆ ಬಾಯಿಂದ ಸೋರಿಹೋಯಿತು. ನೀರು ಹೆಚ್ಚಾಗಿದೆಯೆಂದು ತಪ್ಪು ತಿಳಿದ ಸಿಬ್ಬಂದಿ, ತಾನಾಗಿ ಬರುತ್ತಿದ್ದ ತುರ್ತು ನೀರನ್ನೂ ಕಡಿಮೆ ಮಾಡಿದರು. ರಿಯಾಕ್ಟರಿನ ಗರ್ಭದಲ್ಲಿದ್ದ ಇಂಧನ ಅರ್ಧದಷ್ಟು ಕರಗಿತು. ಅದೇ ಮುಂಜಾನೆ ಸ್ಥಾವರದ ಇನ್ನೊಂದು ಕಡೆ ದುರಸ್ತಿಯ ನಂತರ ಮುಚ್ಚಿಯೇ ಉಳಿದಿದ್ದ ಎರಡು ಕವಾಟಗಳಿದ್ದವು. ಅದನ್ನು ಹೇಳಬೇಕಾದ ದೀಪವೊಂದರ ಮೇಲೆ ದುರಸ್ತಿಯ ಚೀಟಿ ತೂಗಾಡುತ್ತಿತ್ತು.

ಸಿಬ್ಬಂದಿಯನ್ನು ದೂರುವುದು ಸುಲಭ. ನನಗದು ಅನ್ಯಾಯವೆನಿಸುತ್ತದೆ. 1977ರ ಸೆಪ್ಟೆಂಬರಿನಲ್ಲೇ ಓಹಾಯೊದ ಡೇವಿಸ್-ಬೆಸ್ಸೆ ಸ್ಥಾವರದಲ್ಲಿ ಇದೇ ಬಗೆಯ ಕವಾಟ ಹೀಗೇ ತೆರೆದು ನಿಂತಿತ್ತು. ಅಲ್ಲಿನವರು ಬೇಗ ಕಂಡುಕೊಂಡು ಅದರ ಹಿಂದಿನ ತಡೆಕವಾಟ ಮುಚ್ಚಿದರು, ಅನಾಹುತವಾಗಲಿಲ್ಲ. ಆ ಪಾಠ ಥ್ರೀ ಮೈಲ್ ಐಲ್ಯಾಂಡಿನ ಕೊಠಡಿಗೆ ತಲುಪಲಿಲ್ಲ. ಅಪಘಾತದ ನಂತರವಷ್ಟೇ ಇಂಥ ಕವಾಟ ನಿಜವಾಗಿ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ನೇರವಾಗಿ ತೋರಿಸಲೇಬೇಕೆಂಬ ನಿಯಮ ಬಂತು. ಸ್ವಯಂಚಾಲಿತ ಕವಾಟ ಮನುಷ್ಯನ ಕೈಯನ್ನು ಬಿಡಿಸಬಹುದು, ಅವನ ಕಣ್ಣಿಗೆ ಸುಳ್ಳು ತೋರಿಸುವ ಹಕ್ಕು ಅದಕ್ಕಿಲ್ಲ.

ಹೀಗೆ ಮನುಷ್ಯನ ಕೈ ಬಿಡಿಸಿ, ಅಣೆಕಟ್ಟೆಯಲ್ಲಿ ನೀರಿನ ಮಟ್ಟದಿಂದಲೇ ಬಾಗಿಲು ತೆರೆಸುವ ವಿದ್ಯೆಯಲ್ಲಿ ನಮ್ಮವರ ಪಾಲು ಸಣ್ಣದಲ್ಲ. ಪುಣೆಯ ಖಡಕ್‌ವಾಸಲಾ ಜಲಾಶಯದಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ ಸ್ವಯಂಚಾಲಿತ ಗೇಟುಗಳನ್ನು ಶಾಲಾಪಠ್ಯದಲ್ಲೇ ಓದಿದ್ದೇವೆ. ನೀರು ಗೊತ್ತಾದ ಮಟ್ಟ ಮೀರಿದರೆ ತಾವೇ ತೆರೆದು, ಇಳಿದರೆ ತಾವೇ ಮುಚ್ಚುವ ಆ ಗೇಟುಗಳಿಗೆ ಅವರು ಪೇಟೆಂಟ್ ಪಡೆದರು. ಮುಂದೆ ಅವು ಕೃಷ್ಣರಾಜಸಾಗರಕ್ಕೂ ಬಂದವು. ಪ್ರವಾಹ ರಾತ್ರಿ ಬಂದರೂ, ಗೇಟು ಎತ್ತುವವನು ಊರಲ್ಲಿಲ್ಲದಿದ್ದರೂ, ನೀರು ತನ್ನ ದಾರಿ ತಾನೇ ಬಿಡಿಸಿಕೊಳ್ಳಬೇಕು ಎಂಬುದು ಅವುಗಳ ಹಿಂದಿನ ಆಲೋಚನೆ.

ಆದರೆ ಮೈಸೂರಿನ ಇನ್ನೊಬ್ಬ ಎಂಜಿನಿಯರ್ ವಿ. ಗಣೇಶ ಅಯ್ಯರ್ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು? ಜಲಾಶಯದ ಹೆಚ್ಚುವರಿ ನೀರನ್ನು ಹೊರಬಿಡಲು ಅವರು ರೂಪಿಸಿದ ವಾಲ್ಯೂಟ್ ಸೈಫನ್ನಿನಲ್ಲಿ ಗೇಟೂ ಇಲ್ಲ, ಸರಪಳಿಯೂ ಇಲ್ಲ, ಚಲಿಸುವ ಭಾಗವೇ ಇಲ್ಲ. ಗುಮ್ಮಟದ ಮುಚ್ಚಳ, ಒಳಗೆ ಆಲಿಕೆಯಂಥ ಬಾಯಿ, ಬಾಯಿಯ ಸುತ್ತ ಸುರುಳಿಯಾಗಿ ಬಾಗಿದ ಅಲಗುಗಳು. ನೀರು ಅಂಚು ಮೀರಿದೊಡನೆ ಅಲಗುಗಳ ಮೇಲೆ ಸುತ್ತುತ್ತ ಇಳಿದು ಸುಳಿಯಾಗುತ್ತದೆ. ಆ ಸುಳಿ ಗುಮ್ಮಟದೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಹೋದ ಮೇಲೆ ಸೈಫನ್ ಪೂರ್ತಿ ಬಾಯ್ತುಂಬಿ ಧುಮ್ಮಿಕ್ಕುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದರೆ ತಾನೇ ನಿಲ್ಲುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಯ ಅಣೆಕಟ್ಟೆಗೆ ಇಂಥ ಜೋಡಿ ಸೈಫನ್‌ಗಳಿವೆ. ಇದಕ್ಕೂ ಮಿತಿಗಳುಂಟು. ಒಮ್ಮೆ ಹಿಡಿಯಿತೆಂದರೆ ರಭಸವಾಗಿ ಬಿಡುತ್ತದೆ, ಬೇಕಾದಷ್ಟನ್ನೇ ಹದವಾಗಿ ಬಿಡುವುದು ಇದಕ್ಕೆ ಬರುವುದಿಲ್ಲ. ಮಹಾನದಿಗಳ ಪ್ರವಾಹಕ್ಕೆ ಗೇಟೇ ಬೇಕು.

ಗೇಟು ಇದ್ದಲ್ಲಿ ಹಲವು ಕಡೆ ಅದನ್ನು ಎತ್ತುವ ಸರಪಳಿಯೂ ಇರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ತುಂಬಿದ ಜಲಾಶಯವನ್ನು ನದಿಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ಬಾಯಿ ಮುಚ್ಚಿದವರ ಧೈರ್ಯ ದೊಡ್ಡದು. ಆದರೂ ಸರಪಳಿ ತುಂಡಾದರೆ ಗೇಟು ಏನು ಮಾಡೀತು ಎಂಬ ಪ್ರಶ್ನೆಯನ್ನು ಕಟ್ಟುವ ದಿನವೇ ಕೇಳಬೇಕು, ಪ್ರತಿ ಬೇಸಿಗೆಯಲ್ಲೂ ಮತ್ತೆ ಕೇಳಬೇಕು. ರಾಮ್ಸ್‌ಬಾಟಮ್ ಕೇಳಿದ್ದು ಇದೇ ಬಗೆಯ ಪ್ರಶ್ನೆಯನ್ನು, ಗಣೇಶ ಅಯ್ಯರ್ ಕೇಳಿದ್ದೂ ಅದನ್ನೇ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಸಿವಿಲ್ ವಿದ್ಯಾರ್ಥಿಗಳನ್ನು ಮಾರ್ಕೋನಹಳ್ಳಿಗೆ ಒಂದು ದಿನ ಕರೆದೊಯ್ದು, ಆ ಗುಮ್ಮಟದ ಅಡ್ಡಕೊಯ್ತವನ್ನು ಅಲ್ಲೇ ಕೂರಿಸಿ ಬರೆಸಲಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್ ಬರಬಹುದು.